ಓಟದ ಹಿಂದಿನ ರಾತ್ರಿ ನಿದ್ದೆ ಮಾತ್ರೆ ತಗೊಳ್ಳಬಹುದಾ?

ಪ್ರಶ್ನೆ: ಡಾಕ್ಟರೇ, ನನಗೆ 41 ವರ್ಷ. ಇನ್ನು ಐದು ವಾರಕ್ಕೆ ನನ್ನ ಮೊದಲ ಫುಲ್ ಮ್ಯಾರಥಾನ್. ಇದುವರೆಗೆ ಓಡಿದ ಹಾಫ್ ಮ್ಯಾರಥಾನ್‌ಗಳಲ್ಲಿ ಒಂದು ಸಲವೂ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಮಾಮೂಲಿ ದಿನ 11ಕ್ಕೆ ಮಲಗಿದರೆ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ. ಓಟದ ಹಿಂದಿನ ದಿನ ಮಾತ್ರ 8 ಗಂಟೆಗೇ ಮಲಗಿ, 1 ಗಂಟೆವರೆಗೂ ಮಗ್ಗುಲು ಬದಲಿಸುವುದೇ ಆಗುತ್ತದೆ. ಈ ಸಲ ಓಟ ಬೆಳಿಗ್ಗೆ 5ಕ್ಕೆ ಶುರು, ಅಂದರೆ 3ಕ್ಕೆ ಏಳಬೇಕು, ಅದೂ ಹೋಟೆಲ್ ರೂಮಿನಲ್ಲಿ. ಜೊತೆಗೆ ಓಡುವ ಗೆಳತಿ ತನ್ನ ಹತ್ತಿರ ಇದ್ದ ಜೋಲ್ಪಿಡೆಮ್ 10 ಮಿಲಿಗ್ರಾಂ ಮಾತ್ರೆ ಕೊಟ್ಟಿದ್ದಾಳೆ, "ಒಂದು ನುಂಗು, ಕೊರಡಿನ ಹಾಗೆ ಮಲಗ್ತೀಯ" ಅಂತಾಳೆ. ಇನ್ನೊಬ್ಬರು ಮೆಲಟೋನಿನ್ ಗಮ್ಮಿ ಸಾಕು ಅಂತಾರೆ. ಮತ್ತೊಬ್ಬರು ನೆಗಡಿ ಮಾತ್ರೆ ತಗೊಂಡರೆ ಯಾವ ತೊಂದರೆಯೂ ಇಲ್ಲದೆ ನಿದ್ದೆ ಬರುತ್ತೆ ಅಂತಾರೆ. ಇವುಗಳಲ್ಲಿ ಯಾವುದು ಸೇಫ್? ನಿದ್ದೆಯಿಲ್ಲದೆ 42 ಕಿ.ಮೀ. ಓಡಿದರೆ ಹಾರ್ಟಿಗೆ ಏನಾದರೂ ಆಗುತ್ತಾ? ಮಾತ್ರೆ ತಗೊಂಡರೆ ಡೋಪಿಂಗ್ ಅಂತ ಆಗುತ್ತಾ?

(ಹೆಸರು ಹಾಕಬೇಡಿ ಎಂದಿರುವ ಮಹಿಳಾ ಓದುಗರು)

ಉತ್ತರ:

ನೀವು ಮೂರು ನಾಲ್ಕು ಪ್ರಶ್ನೆ ಕೇಳಿದ್ದೀರಿ, ಆದರೆ ಅವುಗಳ ಹಿಂದೆ ಇರುವುದು ಒಂದೇ ಹೆದರಿಕೆ. ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಓಡಿದ್ದೆಲ್ಲ ಒಂದು ರಾತ್ರಿ ನಿದ್ದೆ ಬಾರದ್ದಕ್ಕೆ ನೀರುಪಾಲಾಗುತ್ತದೇನೋ ಅಂತ, ಅಲ್ವಾ? ರೇಸ್ ಸೀಸನ್ ಬಂತೆಂದರೆ ನನ್ನ ಕ್ಲಿನಿಕ್ಕಿನಲ್ಲಿ ಮೊಣಕಾಲು ನೋವು ಬಿಟ್ಟರೆ ಜಾಸ್ತಿ ಕೇಳಿಬರುವುದು ಇದೇ ಪ್ರಶ್ನೆ. ಹಾಗಾಗಿ ಸುತ್ತಿಬಳಸದೆ ಹೇಳುತ್ತೇನೆ. ಗೆಳತಿ ಕೊಟ್ಟ ಮಾತ್ರೆ ಬೇಡ. ನೆಗಡಿ ಮಾತ್ರೆ ಅಂತೂ ಬೇಡವೇ ಬೇಡ. ಮೆಲಟೋನಿನ್‌ನಿಂದ ದೊಡ್ಡ ಅಪಾಯವಿಲ್ಲ, ಆದರೆ ನೀವು ಅದರಿಂದ ಏನು ಬಯಸುತ್ತಿದ್ದೀರೋ ಅದನ್ನು ಅದು ಕೊಡುವುದಿಲ್ಲ. ಇನ್ನು ಆ ಒಂದು ರಾತ್ರಿಯ ನಿದ್ದೆ, ಅದು ಕೆಟ್ಟರೂ ನಿಮಗೆ ಆಗುವ ನಷ್ಟ ನೀವು ಅಂದುಕೊಂಡಿರುವುದಕ್ಕಿಂತ ತುಂಬಾ ಚಿಕ್ಕದು.

ಎಷ್ಟು ಚಿಕ್ಕದು? 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರನ್ನು ಸುಮಾರು 30 ಗಂಟೆ ಹೊತ್ತು, ಅಂದರೆ ಇಡೀ ರಾತ್ರಿ ಒಂದು ಜೊಂಪೂ ಇಲ್ಲದೆ, ಎಚ್ಚರವಾಗಿರಿಸಿ ಆಮೇಲೆ ಟ್ರೆಡ್‌ಮಿಲ್ ಮೇಲೆ ತಮ್ಮ ಇಷ್ಟದ ವೇಗದಲ್ಲಿ ಅರ್ಧ ಗಂಟೆ ಓಡಿಸಿದರು. ನಿದ್ದೆ ಮಾಡಿ ಓಡಿದ ದಿನಕ್ಕೆ ಹೋಲಿಸಿದರೆ ದೂರ ಕಡಿಮೆಯಾಗಿದ್ದು ಶೇಕಡಾ 3ರಷ್ಟು. ಅದೂ ಪೂರ್ತಿ ನಿದ್ದೆಗೆಟ್ಟಾಗ. ನಿಮ್ಮ ವಿಷಯದಲ್ಲಿ 1 ಗಂಟೆಯ ನಂತರವಾದರೂ ಒಂದಿಷ್ಟು ನಿದ್ದೆ ಬರುತ್ತಿದೆ. ಹೃದಯ, ಶ್ವಾಸಕೋಶ, ಸ್ನಾಯುಗಳ ಶಕ್ತಿ ಒಂದು ರಾತ್ರಿಯಲ್ಲಿ ಅಳಿಸಿಹೋಗುವಂಥದ್ದಲ್ಲ. ಬದಲಾಗುವುದು ಮುಖ್ಯವಾಗಿ ಮನಸ್ಸಿನ ಲೆಕ್ಕ. ಅದೇ ವೇಗ, ಅದೇ ಎದೆಬಡಿತ, ಆದರೆ "ಅಯ್ಯೋ ಕಷ್ಟ" ಅನ್ನುವ ಭಾವನೆ ಸ್ವಲ್ಪ ಬೇಗ ಬರುತ್ತದೆ. ಅರ್ಧ ಗಂಟೆಯ ಓಟಕ್ಕೂ ನಾಲ್ಕೈದು ಗಂಟೆಯ ಓಟಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. 30 ಕಿ.ಮೀ. ದಾಟಿದ ಮೇಲೆ ಆ ಭಾವನೆಗೆ ಬಲ ಜಾಸ್ತಿ. ಆದರೆ ಅಷ್ಟು ಹೊತ್ತಿಗೆ ನಿಮ್ಮನ್ನು ಬೀಳಿಸುವುದು ಬಹುತೇಕ ಮೊದಲ 10 ಕಿ.ಮೀ. ಜೋರಾಗಿ ಓಡಿದ್ದು, ಓಡುತ್ತಾ ಶಕ್ತಿಗೆಂದು ನುಂಗುವ ಜೆಲ್ ಮರೆತದ್ದು, ಬಿಸಿಲು. ನಿದ್ದೆ ಆ ಪಟ್ಟಿಯಲ್ಲಿ ತುಂಬಾ ಕೆಳಗೆ.

ಇದು ನಿಮಗೊಬ್ಬರಿಗೇ ಇರುವ ತೊಂದರೆಯೂ ಅಲ್ಲ. ಆಸ್ಟ್ರೇಲಿಯಾದ 283 ಉನ್ನತ ಮಟ್ಟದ ಕ್ರೀಡಾಪಟುಗಳನ್ನು ಕೇಳಿದ ಸಮೀಕ್ಷೆಯೊಂದು 2015ರಲ್ಲಿ ಬಂತು. ಹಿಂದಿನ ಒಂದು ವರ್ಷದಲ್ಲಿ ಮುಖ್ಯ ಸ್ಪರ್ಧೆಯ ಹಿಂದಿನ ರಾತ್ರಿ ಒಂದು ಸಲವಾದರೂ ನಿದ್ದೆ ಕೆಟ್ಟಿದೆ ಎಂದವರು 64%. ಹೆಚ್ಚಿನವರ ದೂರು ನಿಮ್ಮದೇ: ಮಲಗಿದರೆ ನಿದ್ದೆ ಹತ್ತುವುದಿಲ್ಲ, ತಲೆಯಲ್ಲಿ ನಾಳೆಯ ಓಟ ಓಡುತ್ತಿರುತ್ತದೆ. ಪದಕ ಗೆಲ್ಲುವವರೂ ಹೀಗೆ ರಾತ್ರಿ ಕಳೆದೇ ಗೆಲ್ಲುತ್ತಾರೆ.

ಹಾರ್ಟಿನ ಬಗ್ಗೆ. ನೀವು ಆರೋಗ್ಯವಾಗಿದ್ದು, ತರಬೇತಿಯಲ್ಲಿ ಲಾಂಗ್ ರನ್‌ಗಳನ್ನು ತೊಂದರೆಯಿಲ್ಲದೆ ಮುಗಿಸಿದ್ದರೆ, ಒಂದು ರಾತ್ರಿ ನಿದ್ದೆ ಕಡಿಮೆಯಾಯಿತು ಎಂಬ ಒಂದೇ ಕಾರಣಕ್ಕೆ ಓಟ ಬಿಡಬೇಕಾಗಿಲ್ಲ. ನಾನು ಓಡಬೇಡಿ ಅನ್ನುವುದು ಬೇರೆ ಸಂದರ್ಭಗಳಲ್ಲಿ: ಮೈಯಲ್ಲಿ ಜ್ವರ ಇದ್ದಾಗ, ವಾಂತಿ ಭೇದಿ ಆಗಿದ್ದಾಗ, ಓಡುವಾಗ ಎದೆ ಹಿಡಿದುಕೊಂಡದ್ದು, ಕಣ್ಣು ಕತ್ತಲೆ ಬಂದದ್ದು ಇದ್ದು ಇನ್ನೂ ತೋರಿಸಿಕೊಂಡಿಲ್ಲದಿದ್ದಾಗ. ಅಂಥದ್ದು ಏನಾದರೂ ಇದ್ದರೆ ನಿದ್ದೆಯ ವಿಷಯ ಪಕ್ಕಕ್ಕಿಟ್ಟು ಮೊದಲು ಅದನ್ನು ನೋಡಿಸಿ.

ಈಗ ಜೋಲ್ಪಿಡೆಮ್. ಇದರ ಮೇಲೆ ನನಗೆ ಹಗೆ ಏನಿಲ್ಲ. ಸರಿಯಾದ ರೋಗಿಗೆ, ಸರಿಯಾದ ರಾತ್ರಿ, ನಾನೂ ಬರೆದುಕೊಡುತ್ತೇನೆ. ಆದರೆ ಗಡಿಯಾರದ ಲೆಕ್ಕ ಹಾಕಿ ನೋಡಿ. ಈ ಮಾತ್ರೆಯ ಜೊತೆ ಬರುವ ಸೂಚನೆಯಲ್ಲೇ ಇದೆ: ಏಳುವುದಕ್ಕೆ ಇನ್ನೂ 7ರಿಂದ 8 ಗಂಟೆ ಬಾಕಿ ಇದ್ದರೆ ಮಾತ್ರ ತಗೊಳ್ಳಿ ಅಂತ. ನೀವು 3ಕ್ಕೆ ಏಳಬೇಕು. ಅಂದರೆ 7, ತಡವೆಂದರೆ 8 ಗಂಟೆಗೆ ನುಂಗಿ ದೀಪ ಆರಿಸಬೇಕು. ನಿಜವಾಗಿ ಆಗುವುದು ಹಾಗಲ್ಲ. ಮೊದಲು "ನೋಡೋಣ, ತಾನಾಗೇ ಬರಬಹುದು" ಅಂತ ಕಾಯುತ್ತೀರಿ, 10 ಆಗುತ್ತದೆ, 11 ಆಗುತ್ತದೆ, ಗಾಬರಿಯಾಗಿ ಆಗ ಬ್ಯಾಗಿಗೆ ಕೈ ಹಾಕುತ್ತೀರಿ. ನಾನು ಕೇಳಿದ ಕತೆಗಳಲ್ಲಿ ಮಾತ್ರೆ ನುಂಗಿದ ಹೊತ್ತು ಯಾವಾಗಲೂ ನಡುರಾತ್ರಿಯ ಹತ್ತಿರವೇ ಇರುತ್ತದೆ. 11ಕ್ಕೆ ನುಂಗಿ 3ಕ್ಕೆ ಎದ್ದರೆ ಸಿಕ್ಕಿದ್ದು ನಾಲ್ಕೇ ಗಂಟೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸರಾಸರಿ ಎರಡೂವರೆ ಗಂಟೆ ಬೇಕು. ಅಂದರೆ ನೀವು ಎದೆಗೆ ಬಿಬ್ (ಓಟದ ನಂಬರ್ ಚೀಟಿ) ಸಿಕ್ಕಿಸಿಕೊಳ್ಳುವಾಗ ಮೂರನೇ ಒಂದು ಭಾಗದಷ್ಟು ಔಷಧ ಇನ್ನೂ ಮೈಯಲ್ಲಿರುತ್ತದೆ.

ಇನ್ನೊಂದು ವಿಷಯ ನಿಮ್ಮ ಗೆಳತಿಗೂ ಗೊತ್ತಿರಲಿಕ್ಕಿಲ್ಲ. ಹೆಂಗಸರ ದೇಹ ಈ ಔಷಧವನ್ನು ಗಂಡಸರಿಗಿಂತ ನಿಧಾನವಾಗಿ ಹೊರಹಾಕುತ್ತದೆ. 2013ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೆಂಗಸರಿಗೆ ಹೇಳಿದ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ, ನೇರವಾಗಿ ಅರ್ಧಕ್ಕೆ, ಇಳಿಸಿತು. 10 ಮಿಲಿಗ್ರಾಂ ತಗೊಂಡು 8 ಗಂಟೆ ಕಳೆದ ಮೇಲೂ ಸುಮಾರು 15% ಹೆಂಗಸರ ರಕ್ತದಲ್ಲಿ ಗಾಡಿ ಓಡಿಸುವುದಕ್ಕೆ ತೊಡಕಾಗುವಷ್ಟು ಔಷಧ ಉಳಿದಿತ್ತು, ಗಂಡಸರಲ್ಲಿ ಅದು 3%ರಷ್ಟು. 8 ಗಂಟೆ ಆದ ಮೇಲೇ ಹೀಗೆ ಅಂದರೆ ನುಂಗಿ ನಾಲ್ಕೇ ಗಂಟೆಯಲ್ಲಿ ಏಳುವವರ ಕತೆ ಏನು? ನಿಮ್ಮ ಕೈಯಲ್ಲಿರುವುದು ನಿಮಗೆ ಹೇಳಿದ್ದರ ಎರಡು ಪಟ್ಟಿನ ಮಾತ್ರೆ.

ಊಟದ ವಿಷಯವೂ ಇದೆ. ಓಟದ ಹಿಂದಿನ ರಾತ್ರಿ ಎಲ್ಲರೂ ಕಾರ್ಬ್ ಅಂತ ಹೊಟ್ಟೆ ತುಂಬಾ ತಿನ್ನುತ್ತಾರೆ. ತುಂಬಿದ ಹೊಟ್ಟೆಯಲ್ಲಿ ಜೋಲ್ಪಿಡೆಮ್ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಊಟದ ಜೊತೆ ಅಥವಾ ಊಟ ಆದ ತಕ್ಷಣ ತಗೊಳ್ಳಬೇಡಿ ಅಂತ ಸೂಚನೆ ಇರುವುದು ಅದಕ್ಕೇ. ಮಲಗಬೇಕಾದಾಗ ಕೆಲಸ ಮಾಡದೆ, ಏಳಬೇಕಾದಾಗ ಹಿಡಿದುಕೊಂಡಿರುತ್ತದೆ. ಇದರ ಜೊತೆಗೆ ನೀವು ದಿನವಿಡೀ ನೀರು ಕುಡಿದಿರುತ್ತೀರಿ, ರಾತ್ರಿ ಬಾತ್‌ರೂಮಿಗೆ ಏಳಲೇಬೇಕು. ಗೊತ್ತಿಲ್ಲದ ರೂಮು, ಕತ್ತಲೆ, ಮಾತ್ರೆಯ ಅಮಲು. ಓಟದ ಹಿಂದಿನ ರಾತ್ರಿ ಮಂಚದ ಕಾಲಿಗೆ ಕಿರುಬೆರಳು ಬಡಿದುಕೊಂಡು ಬಂದವರನ್ನು ನೋಡಿದ್ದೇನೆ, ಆ ಬೆಳಿಗ್ಗೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಅಪರೂಪವಾದರೂ ಇದಕ್ಕಿಂತ ಗಂಭೀರವಾದದ್ದು ಒಂದಿದೆ. ನಿದ್ದೆಯಲ್ಲೇ ಎದ್ದು ಓಡಾಡುವುದು, ತಿನ್ನುವುದು, ಗಾಡಿ ಓಡಿಸುವುದು, ಬೆಳಿಗ್ಗೆ ಏನೂ ನೆನಪಿಲ್ಲದಿರುವುದು. ಒಂದೇ ಒಂದು ಮಾತ್ರೆಯಿಂದಲೂ ಹೀಗಾಗಬಹುದು. 2019ರಲ್ಲಿ ಎಫ್‌ಡಿಎ ಜೋಲ್ಪಿಡೆಮ್ ಮತ್ತು ಅದೇ ಗುಂಪಿನ ಎಸ್ಜೋಪಿಕ್ಲೋನ್, ಜಾಲೆಪ್ಲಾನ್ ಪ್ಯಾಕೆಟ್‌ಗಳ ಮೇಲೆ ಈ ಬಗ್ಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಕ್ರೀಡಾಲೋಕದಲ್ಲೂ ಈ ಮಾತ್ರೆಗೆ ಒಂದು ಕೆಟ್ಟ ಹೆಸರಿದೆ: 2012ರ ಲಂಡನ್ ಒಲಿಂಪಿಕ್ಸ್‌ಗೆ ಮುಂಚೆ ಆಸ್ಟ್ರೇಲಿಯಾ ಒಲಿಂಪಿಕ್ ಸಮಿತಿ ತನ್ನ ಕ್ರೀಡಾಪಟುಗಳು ಸ್ಟಿಲ್ನಾಕ್ಸ್, ಅಂದರೆ ಇದೇ ಜೋಲ್ಪಿಡೆಮ್, ತಗೊಳ್ಳುವಂತಿಲ್ಲ ಎಂದಿತ್ತು. ಆದರೂ ತರಬೇತಿ ಶಿಬಿರದಲ್ಲಿ ಒಂದು ರಾತ್ರಿ ತಗೊಂಡಿದ್ದಾಗಿ ಅಲ್ಲಿನ ಪುರುಷರ ಈಜು ರಿಲೇ ತಂಡದವರು ಮುಂದಿನ ವರ್ಷ ಒಪ್ಪಿಕೊಂಡರು. ಅವರು ತಗೊಂಡದ್ದು ನಿದ್ದೆಗಲ್ಲ, ಮೋಜಿಗೆ. ಅದು ಬೇರೆ ಮಾತು.

ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್, ಕ್ಲೋನಜೆಪಾಮ್, ಡಯಾಜೆಪಾಮ್ ಗುಂಪಿನ ಮಾತ್ರೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ "ಅದಕ್ಕಿಂತ ಇದು ಒಳ್ಳೇದು" ಅಂತ ಕೊಡುವ ಸಾಧ್ಯತೆ ಇದೆ. ಇವು ಇನ್ನೂ ಹೆಚ್ಚು ಹೊತ್ತು ಮೈಯಲ್ಲಿರುತ್ತವೆ. ಅಲ್ಪ್ರಜೋಲಮ್ ಅರ್ಧಕ್ಕಿಳಿಯಲು ಸುಮಾರು 11 ಗಂಟೆ, ಕ್ಲೋನಜೆಪಾಮ್‌ಗೆ ಒಂದು ದಿನಕ್ಕಿಂತ ಜಾಸ್ತಿ. ಸ್ನಾಯುಗಳನ್ನು ಸಡಿಲ ಮಾಡುತ್ತವೆ, ಕಾಲಿನ ಹಿಡಿತ ತಪ್ಪಿಸುತ್ತವೆ. ಓಟಕ್ಕೆ ಇದಕ್ಕಿಂತ ವಿರುದ್ಧವಾದದ್ದು ಇನ್ನೇನಿದೆ?

ನೆಗಡಿ ಮಾತ್ರೆ ಬೇಡವೇ ಬೇಡ ಎಂದೆನಲ್ಲ, ಅದಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಹಾಗಾಗಿ ನಿರುಪದ್ರವಿ ಅನ್ನುವ ನಂಬಿಕೆ ಬಂದುಬಿಟ್ಟಿದೆ. ಡೈಫೆನ್‌ಹೈಡ್ರಮೀನ್, ಡಾಕ್ಸಿಲಮೀನ್, ಕ್ಲೋರ್‌ಫೆನಿರಮೀನ್, ಇವೆಲ್ಲ ಹಳೇ ತಲೆಮಾರಿನ ಅಲರ್ಜಿ ಔಷಧಗಳು. ತೂಕಡಿಕೆ ಇವುಗಳ ಅಡ್ಡ ಪರಿಣಾಮ, ಅದನ್ನೇ ಜನ ಉಪಯೋಗಿಸಿಕೊಳ್ಳುತ್ತಾರೆ. ಆದರೆ ಅಡ್ಡ ಪರಿಣಾಮ ಅದೊಂದೇ ಅಲ್ಲವಲ್ಲ. ಇವು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸಂದೇಶವನ್ನು ತಡೆಯುತ್ತವೆ. ಬೆವರಿನ ಗ್ರಂಥಿಗಳಿಗೆ "ಬೆವರು ಸುರಿಸು" ಎಂದು ಹೇಳುವುದೂ ಇದೇ ಸಂದೇಶ. ಅದು ಅಡ್ಡಿಯಾದರೆ ಬೆವರು ಕಡಿಮೆ, ಮೈಬಿಸಿ ಹೊರಹೋಗುವುದಿಲ್ಲ. ಜೊತೆಗೆ ಬಾಯಿ ಒಣಗುವುದು, ಎದೆಬಡಿತ ಏರುವುದು, ಕಣ್ಣು ಮಂಜಾಗುವುದು. ಸುಮ್ನೆ ಮನೆಯಲ್ಲಿ ಮಲಗಿದ್ದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ನಾಲ್ಕೈದು ಗಂಟೆ ಓಡುವಾಗ, ಅದರಲ್ಲೂ ಬಿಸಿಲೇರಿದ ಮೇಲೆ, ಬೆವರೇ ನಿಮ್ಮ ಜೀವ ಕಾಯುವುದು. ಡಾಕ್ಸಿಲಮೀನ್ ಅರ್ಧಕ್ಕಿಳಿಯಲು ಸುಮಾರು 10 ಗಂಟೆ, ಕ್ಲೋರ್‌ಫೆನಿರಮೀನ್‌ಗೆ 20ರ ಆಸುಪಾಸು. ರಾತ್ರಿ 9ಕ್ಕೆ ತಗೊಂಡದ್ದು ಫಿನಿಷ್ ಲೈನ್‌ವರೆಗೂ ನಿಮ್ಮ ಜೊತೆ ಓಡುತ್ತದೆ.

ಕೆಲವು "ನೈಟ್" ಮಾತ್ರೆಗಳಲ್ಲಿ ಈ ಔಷಧದ ಜೊತೆ ಐಬುಪ್ರೊಫೆನ್ ಅಥವಾ ನ್ಯಾಪ್ರಾಕ್ಸೆನ್‌ನಂಥ ನೋವಿನ ಔಷಧವೂ ಇರುತ್ತದೆ. ದೀರ್ಘ ಓಟದಲ್ಲಿ ಕಿಡ್ನಿಗೆ ಮೊದಲೇ ರಕ್ತ ಕಡಿಮೆ ಹೋಗುತ್ತಿರುತ್ತದೆ, ಅದರ ಮೇಲೆ ಇವು ಇನ್ನಷ್ಟು ಹೊರೆ. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದದೆ ಯಾವುದನ್ನೂ ಬಾಯಿಗೆ ಹಾಕಬೇಡಿ.

ಡೋಪಿಂಗ್ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ, ಸ್ವಲ್ಪ ತಮಾಷೆಯಾಗಿದೆ. ಜೋಲ್ಪಿಡೆಮ್ ಆಗಲಿ, ಮೆಲಟೋನಿನ್ ಆಗಲಿ, ಡಯಾಜೆಪಾಮ್ ಗುಂಪಾಗಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿಲ್ಲ. ಆದರೆ ನಿರುಪದ್ರವಿ ಅಂದುಕೊಂಡ ನೆಗಡಿ ಮಾತ್ರೆಯಲ್ಲಿ ಮೂಗು ಕಟ್ಟಿದ್ದನ್ನು ಬಿಡಿಸಲು ಸ್ಯೂಡೋಎಫೆಡ್ರಿನ್ ಇದ್ದರೆ, ಮೂತ್ರದಲ್ಲಿ ಅದು ಮಿಲಿಲೀಟರಿಗೆ 150 ಮೈಕ್ರೋಗ್ರಾಂ ದಾಟಿದರೆ, ಸ್ಪರ್ಧೆಯ ಹೊತ್ತಿನಲ್ಲಿ ಅದು ನಿಷಿದ್ಧ. ಸ್ಯೂಡೋಎಫೆಡ್ರಿನ್ ಉತ್ತೇಜಕ, ನಿದ್ದೆಯನ್ನೂ ಓಡಿಸುತ್ತದೆ. ಗಾಂಜಾ ಅಂಶ ಇರುವ ಎಣ್ಣೆ, ಗಮ್ಮಿಗಳದ್ದೂ ಹೀಗೇ. ಅದರಲ್ಲಿ ಕ್ಯಾನಬಿಡಿಯಾಲ್ ಎಂಬ ಒಂದು ಅಂಶವನ್ನು 2018ರಿಂದ ನಿಷೇಧದಿಂದ ಬಿಟ್ಟಿದ್ದಾರೆ, ಆದರೆ ಅಂಥ ಬಾಟಲಿಗಳಲ್ಲಿ ಅಮಲೇರಿಸುವ ಟಿಎಚ್‌ಸಿ ಕೂಡ ಬೆರೆತಿರಬಹುದು, ಅದು ಸ್ಪರ್ಧೆಯಲ್ಲಿ ನಿಷಿದ್ಧ. ನಿಯಮದ ಪ್ರಕಾರ ಸ್ಪರ್ಧೆಯ ಹೊತ್ತು ಶುರುವಾಗುವುದು ಸಾಮಾನ್ಯವಾಗಿ ಹಿಂದಿನ ರಾತ್ರಿ 11:59ಕ್ಕೆ. ನಿಮ್ಮಂಥ ಹವ್ಯಾಸಿ ಓಟಗಾರರನ್ನು ಪರೀಕ್ಷೆ ಮಾಡುವ ಸಾಧ್ಯತೆ ಕಡಿಮೆ, ಆದರೂ ಗೊತ್ತಿರಲಿ.

ಮೆಲಟೋನಿನ್ ಬಗ್ಗೆ ಇರುವ ತಪ್ಪು ಕಲ್ಪನೆ ಎಂದರೆ ಅದು ಹಗುರವಾದ ನಿದ್ದೆ ಮಾತ್ರೆ ಅನ್ನುವುದು. ಅದು ನಿದ್ದೆ ಬರಿಸುವುದಿಲ್ಲ. ರಾತ್ರಿಯಾಯಿತು ಎಂದು ಮೈಗೆಲ್ಲ ಡಂಗೂರ ಸಾರುತ್ತದೆ, ಅಷ್ಟೇ. ಬೇರೆ ದೇಶಕ್ಕೆ ಹಾರಿ ಹೋಗಿ ಹಗಲು ರಾತ್ರಿ ಅದಲುಬದಲಾದವರಿಗೆ ಅದು ನಿಜಕ್ಕೂ ಉಪಯೋಗ. ಗಾಬರಿಯಿಂದ ನಿದ್ದೆ ಬಾರದವರಿಗೆ? ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ 2013ರಲ್ಲಿ ಲೆಕ್ಕ ಹಾಕಿದಾಗ, ನಿದ್ದೆ ಹತ್ತುವ ಹೊತ್ತು ಸರಾಸರಿ 7 ನಿಮಿಷ ಬೇಗವಾಯಿತು. ಐದು ಗಂಟೆ ಮಗ್ಗುಲು ಬದಲಿಸುವವರಿಗೆ 7 ನಿಮಿಷ. ಗಮ್ಮಿಗಳಲ್ಲಿ ಇನ್ನೊಂದು ಗೋಳು. ಅಮೆರಿಕದಲ್ಲಿ ಮಾರುವ 25 ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದ ವರದಿ 2023ರಲ್ಲಿ ಬಂತು, ಅವುಗಳಲ್ಲಿ 22ರ ಡಬ್ಬಿ ಮೇಲೆ ಬರೆದ ಪ್ರಮಾಣಕ್ಕೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ. ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ತಗೊಳ್ಳಲೇಬೇಕು ಅಂದರೆ, ಹೊರಗಿನ ಲ್ಯಾಬ್‌ನಲ್ಲಿ ಪರೀಕ್ಷೆಯಾಗಿ ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಮುದ್ರೆ ಇರುವುದನ್ನು ಆರಿಸಿ.

ವೈನ್, ಬಿಯರ್ ಬೇಗ ಮಲಗಿಸುತ್ತವೆ, ನಡುರಾತ್ರಿ ಎಬ್ಬಿಸುತ್ತವೆ, ನೀರು ಹೊರಹಾಕುತ್ತವೆ. ನಿದ್ದೆ ಮಾತ್ರೆಯ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಮೆಗ್ನೀಷಿಯಂ ಪುಡಿ ತಗೊಳ್ಳುವವರೂ ಇದ್ದಾರೆ, ಅದು ಹೊಟ್ಟೆ ಸಡಿಲ ಮಾಡುತ್ತದೆ. ಸ್ಟಾರ್ಟ್ ಲೈನ್‌ನಲ್ಲಿ ಶೌಚಾಲಯದ ಕ್ಯೂ ಎಷ್ಟುದ್ದ ಇರುತ್ತದೆ ಅಂತ ನಿಮಗೇ ಗೊತ್ತು.

ಇನ್ನು ಅಸಲು ವಿಷಯ. ನಿಮಗೆ ನಿದ್ದೆ ಏಕೆ ಬರುವುದಿಲ್ಲ? ಉತ್ತರದ ಅರ್ಧ ನಿಮ್ಮ ಪತ್ರದಲ್ಲೇ ಇದೆ: ದಿನಾ 11ಕ್ಕೆ ಮಲಗುವವರು ಅಂದು 8ಕ್ಕೆ ಮಲಗುತ್ತೀರಿ. ನಾವು ಮಾಮೂಲಿಯಾಗಿ ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚಿನ ಅವಧಿ ಇದೆಯಲ್ಲ, ಇಡೀ ದಿನದಲ್ಲಿ ದೇಹದ ಒಳಗಡಿಯಾರ ಎಚ್ಚರವನ್ನು ಅತಿ ಗಟ್ಟಿಯಾಗಿ ಹಿಡಿದಿರುವುದು ಆಗಲೇ. ಬೇರೆ ಯಾವ ಹೊತ್ತಿಗಿಂತಲೂ ಆಗ ನಿದ್ದೆ ಹತ್ತುವುದು ಕಷ್ಟ. ನೀವು ಸರಿಯಾಗಿ ಆ ಹೊತ್ತನ್ನೇ ಆರಿಸಿಕೊಂಡು ಮಲಗಿ, ನಿದ್ದೆ ಬರಲಿಲ್ಲ ಅಂತ ಗಾಬರಿಯಾಗುತ್ತೀರಿ, ಆ ಗಾಬರಿಗೆ 11 ಗಂಟೆಗೆ ಬರಬೇಕಾದ ನಿದ್ದೆಯೂ ಓಡಿಹೋಗುತ್ತದೆ. ಇದು ಕಾಯಿಲೆ ಅಲ್ಲ, ಹಾಗಾಗಿ ಇದಕ್ಕೆ ಮಾತ್ರೆಯೂ ಇಲ್ಲ.

ಎರಡನೆಯದು ಹೋಟೆಲ್. ಹೊಸ ಜಾಗದಲ್ಲಿ ಮೊದಲ ರಾತ್ರಿ ಎಲ್ಲರಿಗೂ ನಿದ್ದೆ ತೆಳು. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ತೋರಿಸಿದ ಹಾಗೆ, ಆ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದೇ ಇಲ್ಲ, ಸದ್ದಿಗೆ ಕಿವಿ ಕೊಟ್ಟೇ ಇರುತ್ತದೆ. ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ ಉಳಿದುಕೊಳ್ಳಿ, ಆ ಕೆಟ್ಟ ರಾತ್ರಿ ಮೊದಲೇ ಕಳೆದುಹೋಗಲಿ. ನಿಮ್ಮದೇ ದಿಂಬು ತಗೊಂಡು ಹೋಗಿ. ನಗುವವರು ನಗಲಿ.

ಮೂರನೆಯದು, ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: ಅಲಾರಾಂ ಕೇಳಿಸದೆ ಹೋದರೆ ಎಂಬ ಭಯ. ಎರಡು ಅಲಾರಾಂ ಇಡಿ, ಒಂದು ಕೈಗೆಟುಕದ ಹಾಗೆ ರೂಮಿನ ಆ ತುದಿಯಲ್ಲಿ. 3:05ಕ್ಕೆ ಫೋನ್ ಮಾಡು ಅಂತ ಗೆಳತಿಗೆ ಹೇಳಿ. ಮಾತ್ರೆ ಕೊಡುವುದಕ್ಕಿಂತ ಒಳ್ಳೆಯ ಉಪಕಾರ ಅದು.

ಐದು ವಾರ ಇದೆ ನಿಮ್ಮ ಕೈಯಲ್ಲಿ, ಅದು ಧಾರಾಳ ಸಾಕು. ಕೊನೆಯ ಎರಡು ವಾರದಲ್ಲಿ ಏಳುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ, ಅರ್ಧ ಗಂಟೆಯಂತೆ ಬೇಗ ಮಾಡುತ್ತಾ ಬನ್ನಿ. ಮೊದಲು ಏಳುವುದನ್ನು ಬದಲಿಸಿ, ಮಲಗುವುದು ತಾನಾಗಿ ಹಿಂಬಾಲಿಸುತ್ತದೆ. ಉಲ್ಟಾ ಮಾಡಿದರೆ ಆಗುವುದಿಲ್ಲ. ಎದ್ದ ಕೂಡಲೇ ದೀಪ ಹಾಕಿ, ಬೆಳಕಾದ ಮೇಲೆ ಹೊರಗೆ ಹೋಗಿ. ಸಂಜೆ ಮೇಲೆ ದೀಪ, ಮೊಬೈಲ್ ಮಂದ ಮಾಡಿ. ಓಟದ ವಾರಕ್ಕೆ 9:30ಕ್ಕೆ ಕಣ್ಣು ಎಳೆಯುವ ಹಾಗಾದರೆ ಅರ್ಧ ಗೆದ್ದಂತೆ. 3ಕ್ಕೆ ಏಳುವವರೆಗೂ ಎಳೆದು ತರಬೇಕಾಗಿಲ್ಲ, 4:30ರವರೆಗೆ ಬಂದರೂ ಸಾಕು.

ಇದಕ್ಕಿಂತ ಮುಖ್ಯ, ಆ ವಾರದ ಒಟ್ಟು ನಿದ್ದೆ. ಅಮೆರಿಕದ ಸೇನಾ ಸಂಶೋಧಕರು 2009ರಲ್ಲಿ ತೋರಿಸಿದ್ದು ಇದು: ನಿದ್ದೆಗೆಡುವ ದಿನಗಳಿಗೆ ಮುಂಚೆ ಒಂದು ವಾರ ದಿನಕ್ಕೆ 10 ಗಂಟೆ ಹಾಸಿಗೆಯಲ್ಲಿ ಕಳೆದವರು, ಮಾಮೂಲಿನಷ್ಟೇ ಮಲಗಿದವರಿಗಿಂತ ಆಮೇಲಿನ ನಿದ್ದೆಗೇಡನ್ನು ಚೆನ್ನಾಗಿ ತಡೆದುಕೊಂಡರು. ನಿಮಗೆ 10 ಆಗದಿದ್ದರೆ ದಿನಾ ಒಂದು ಗಂಟೆ ಜಾಸ್ತಿ ಮಾಡಿ. ಓಟದ ಹಿಂದಿನ ರಾತ್ರಿಯ ಮೇಲೆ ಹಾಕುವ ಚಿಂತೆಯನ್ನೆಲ್ಲ ಅದರ ಹಿಂದಿನ ರಾತ್ರಿಯ ಮೇಲೆ ಹಾಕಿ. ಓಟ ಭಾನುವಾರ ಅಂದರೆ ಶುಕ್ರವಾರ ರಾತ್ರಿಯದೇ ನಿಮ್ಮ ನಿಜವಾದ ನಿದ್ದೆ. ಹಾಗಿರುವಾಗ ಬಹಳ ಜನ ಮಾಡುವುದೇನು? ಶುಕ್ರವಾರ ರಾತ್ರಿ 12ರವರೆಗೆ ಬ್ಯಾಗ್ ತುಂಬುತ್ತಾ, ಪೇಸ್ ಲೆಕ್ಕ ಹಾಕುತ್ತಾ ಕೂರುವುದು.

ಹಿಂದಿನ ದಿನ ದೊಡ್ಡ ಊಟ ಮಧ್ಯಾಹ್ನವೇ ಮುಗಿಸಿ, ರಾತ್ರಿ ಬೇಗ, ಹಗುರವಾಗಿ. ಕಾಫಿ, ಟೀ ಮಧ್ಯಾಹ್ನಕ್ಕೆ ನಿಲ್ಲಿಸಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ತಗೊಂಡವರ ನಿದ್ದೆ ಒಂದು ಗಂಟೆಗೂ ಜಾಸ್ತಿ ಕಡಿಮೆಯಾದದ್ದು 2013ರ ಪ್ರಯೋಗವೊಂದರಲ್ಲಿ ಗೊತ್ತಾಗಿದೆ. ಬಿಬ್ ತರಲು ಹೋದಾಗ ರುಚಿ ನೋಡಿ ಅಂತ ಕೊಡುವ ಜೆಲ್‌ಗಳಲ್ಲೂ ಕೆಫೀನ್ ಇರುತ್ತದೆ, ನೋಡಿಕೊಳ್ಳಿ. ಸಂಜೆ ಬಟ್ಟೆ, ಶೂ, ಬಿಬ್ ಜೋಡಿಸಿಟ್ಟು, ಮಲಗುವ ಮುಂಚೆ ಐದು ನಿಮಿಷ ಕೂತು ನಾಳೆ ಮಾಡಬೇಕಾದ್ದನ್ನೆಲ್ಲ ಒಂದು ಕಾಗದದ ಮೇಲೆ ಬರೆಯಿರಿ. ಎಷ್ಟು ವಿವರವಾಗಿದ್ದರೆ ಅಷ್ಟು ಒಳ್ಳೆಯದು. ಸುಮ್ನೆ ಹೇಳುತ್ತಿಲ್ಲ. ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಮಾಡಬೇಕಾದ ಕೆಲಸ ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂದದ್ದು 2018ರ ಪ್ರಯೋಗವೊಂದರಲ್ಲಿ ದಾಖಲಾಗಿದೆ. ಮೆಲಟೋನಿನ್‌ನ 7 ನಿಮಿಷದ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ನಿದ್ದೆ ಬರುವ ಹಾಗಾದಾಗಲೇ ಹಾಸಿಗೆಗೆ ಹೋಗಿ, 8ಕ್ಕಲ್ಲ. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿ. ನಿದ್ದೆ ಬಾರದಿದ್ದರೆ ಬರಿಸಿಕೊಳ್ಳಲು ಹೋಗಬೇಡಿ, "ಕಣ್ಣು ತೆರೆದುಕೊಂಡೇ ಇರುತ್ತೇನೆ ನೋಡೋಣ" ಅಂತ ಮಲಗಿ. ಹುಚ್ಚು ಮಾತಿನ ಹಾಗೆ ಕೇಳಿಸುತ್ತದೆ, ಆದರೆ ನಿದ್ದೆ ಚಿಕಿತ್ಸೆಯಲ್ಲಿ ಬಹಳ ಕಾಲದಿಂದ ಬಳಸುವ ಉಪಾಯ ಇದು. ಕಣ್ಣು ಮುಚ್ಚಿ ಕತ್ತಲೆಯಲ್ಲಿ ಬಿದ್ದುಕೊಂಡಿದ್ದರೂ ಕಾಲುಗಳಿಗೆ ವಿಶ್ರಾಂತಿ ಸಿಗುತ್ತದೆ. ರಾತ್ರಿಯಿಡೀ ಎಚ್ಚರವಿದ್ದೆ ಎನ್ನುವವರು ನಡುನಡುವೆ ಗೊತ್ತಿಲ್ಲದೆಯೇ ಸಾಕಷ್ಟು ಮಲಗಿರುತ್ತಾರೆ.

ಇಷ್ಟೆಲ್ಲ ಓದಿಯೂ "ಏನಾದರೂ ಒಂದು ಬೇಕು" ಅನ್ನಿಸಿದರೆ ಬೈಯುವುದಿಲ್ಲ. ಮೆಲಟೋನಿನ್ 0.5ರಿಂದ 3 ಮಿಲಿಗ್ರಾಂ ಒಳಗೆ, ಅದೂ ನಿಮ್ಮ ವೈದ್ಯರನ್ನು ಕೇಳಿ, ಮುಂದಿನ ವಾರಗಳಲ್ಲಿ ಯಾವುದಾದರೂ ಲಾಂಗ್ ರನ್ ಹಿಂದಿನ ರಾತ್ರಿ ಪ್ರಯೋಗ ಮಾಡಿ ನೋಡಿ. ಬೆಳಿಗ್ಗೆ ತಲೆನೋವು, ಮಂಪರು ಇದ್ದರೆ ಅಲ್ಲಿಗೆ ಬಿಡಿ. ಹೊಸ ಶೂ ಹಾಕಿಕೊಂಡು ರೇಸ್ ಓಡುವುದಿಲ್ಲ ತಾನೇ? ವೈದ್ಯರು ಬರೆದುಕೊಡುವ ಮಾತ್ರೆಯ ಮಾತು ಬರುವುದು ಬೇರೆಯವರಿಗೆ: ಹಲವು ವಾರಗಳಿಂದ ನಿದ್ದೆಯೇ ಸರಿಯಿಲ್ಲದವರು, ದೂರದ ದೇಶಕ್ಕೆ ಹೋಗಿ ಓಡುವವರು. ಅವರಿಗೂ ನಾನು ಓಟದ ಹಿಂದಿನ ರಾತ್ರಿಗೆಂದು ಬರೆಯುವುದಿಲ್ಲ, ಅದಕ್ಕೂ ಎರಡು ಮೂರು ದಿನ ಮುಂಚಿನ ರಾತ್ರಿಗಳ ಬಗ್ಗೆ ಮಾತಾಡುತ್ತೇನೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು, ಗರ್ಭಿಣಿಯರು, ಬಲವಾದ ನೋವಿನ ಮಾತ್ರೆ ತಗೊಳ್ಳುತ್ತಿರುವವರು ನಿದ್ದೆ ಮಾತ್ರೆಯ ತಂಟೆಗೇ ಹೋಗಬಾರದು. ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಇರುವ ಸ್ಪರ್ಧೆ) ಮಾಡುವ ಗೆಳೆಯರಿದ್ದರೆ ಅವರಿಗೂ ಹೇಳಿ. ಓಟದಲ್ಲಿ ಮಂಪರಾದರೆ ನಡೆಯಬಹುದು. ತೆರೆದ ನೀರಿನಲ್ಲಿ, ಇಳಿಜಾರಿನಲ್ಲಿ ಸೈಕಲ್ ಮೇಲೆ ಆ ಅವಕಾಶ ಇರುವುದಿಲ್ಲ.

ಯಾರಾದರೂ ಈಗಾಗಲೇ ನುಂಗಿ ಮಲಗಿ, 3ಕ್ಕೆ ಎದ್ದಾಗ ತಲೆ ತೂಗುತ್ತಿದ್ದರೆ, ಸ್ಟಾರ್ಟ್ ಲೈನ್‌ಗೆ ತಾವೇ ಗಾಡಿ ಓಡಿಸಿಕೊಂಡು ಹೋಗಬಾರದು. ಎದ್ದ ಮೊದಲ ಅರ್ಧ ಗಂಟೆಯ ಮಂಕು ಎಲ್ಲರಿಗೂ ಸಹಜ. ಒಂದು ಗಂಟೆ ಕಳೆದ ಮೇಲೂ ಮಾತು ತೊದಲುತ್ತಿದ್ದರೆ, ನಡಿಗೆ ವಾಲುತ್ತಿದ್ದರೆ ಆ ದಿನ ಓಟ ಬೇಡ.

ನಿಮ್ಮ ಪ್ರಶ್ನೆಗೆ ಸಂಬಂಧವಿಲ್ಲದಿದ್ದರೂ ಇದನ್ನು ಓದುವ ಇನ್ನೊಂದು ಗುಂಪಿಗೆ ಒಂದು ಮಾತು. ದಿನಾ ರಾತ್ರಿ ನಿದ್ದೆಗೆ ಅಥವಾ ಆತಂಕಕ್ಕೆ ವೈದ್ಯರು ಬರೆದುಕೊಟ್ಟ ಮಾತ್ರೆ ತಗೊಳ್ಳುತ್ತಿರುವ ಓಟಗಾರರು ನನ್ನ ಮಾತು ಕೇಳಿ ರೇಸ್ ವಾರದಲ್ಲಿ ಅದನ್ನು ಥಟ್ಟನೆ ನಿಲ್ಲಿಸಬೇಡಿ. ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಡಯಾಜೆಪಾಮ್ ಗುಂಪಿನದಾದರೆ ಫಿಟ್ಸ್ ಬರುವ ಅಪಾಯವೂ ಇದೆ. ಬರೆದುಕೊಟ್ಟ ವೈದ್ಯರಿಗೆ ಓಟದ ದಿನ, ಏಳುವ ಹೊತ್ತು ಎರಡನ್ನೂ ಈಗಲೇ ತಿಳಿಸಿ, ಪ್ರಮಾಣವನ್ನೋ ಹೊತ್ತನ್ನೋ ಬದಲಿಸಬೇಕಾದರೆ ಅವರು ಹೇಳಿದಂತೆಯೇ ಮಾಡಿ.